ಗಲ್ಲಾದ ಎದುರಿನ ಕನ್ನಡಿ

ಮುಂಬಯಿಯ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಅಪ್ಪ ಮೂವತ್ತು ವರ್ಷ ಗಲ್ಲಾದಲ್ಲಿ ಕೂತವರು. ಎದುರಿನ ಗೋಡೆ ತುಂಬ ಕನ್ನಡಿ. ಕುತ್ತಿಗೆ ತಿರುಗಿಸದೆ ಹಿಂದಿನ ಟೇಬಲ್ಲುಗಳೆಲ್ಲ ಕಾಣಬೇಕಲ್ವಾ, ಅದಕ್ಕೆ. ಬೆಳಿಗ್ಗೆ ಹಳೆ ಪೇಪರ್ ಒದ್ದೆ ಮಾಡಿ ಅದನ್ನು ಒರೆಸುವ ಕೆಲಸ ಅವರದೇ, ಹುಡುಗರಿಗೆ ಬಿಡುತ್ತಿರಲಿಲ್ಲ. ಮಳೆಗಾಲದ ಥಂಡಿ ಅಂಚಿನಿಂದ ಇಳಿದರೆ ಗಾಜಿನ ಹಿಂದಿನ ಬೆಳ್ಳಿ ಲೇಪ ಕಪ್ಪಾಗುತ್ತದೆ. ಯಾವ ಚುಕ್ಕೆ ಯಾವ ಮಳೆಗಾಲದ್ದು ಅಂತ ಅಪ್ಪ ಹೇಳುತ್ತಿದ್ದರು.

2010ರ ಡಿಸೆಂಬರಿನಲ್ಲಿ ಅವರನ್ನು ಬಾಂದ್ರಾದ ಮೆಹಬೂಬ್ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅಲ್ಲಿ ಅನೀಶ್ ಕಪೂರ್ ಅವರ ಶಿಲ್ಪಗಳ ಪ್ರದರ್ಶನ. 1954ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ಶಿಕಾಗೋದಲ್ಲಿ 168 ಸ್ಟೀಲ್ ತಗಡು ಬೆಸೆದು, ಬೆಸುಗೆಯ ಗೆರೆಯೂ ಕಾಣದ ಹಾಗೆ ಉಜ್ಜಿ ಮಾಡಿದ ಅವರ ಹೊಳೆಯುವ ಶಿಲ್ಪವನ್ನು ಫೋಟೋದಲ್ಲಿ ಎಷ್ಟೋ ಜನ ನೋಡಿದ್ದೀರಿ. ಬಾಂದ್ರಾದಲ್ಲಿ ಫಿರಂಗಿಯಿಂದ ಕೆಂಪು ಮೇಣದ ಉಂಡೆ ಮೂಲೆಗೆ ಹಾರಿಸುವುದನ್ನು ನೋಡಲು ಜನ ಜಾಸ್ತಿ. ಅಪ್ಪ ಮಾತ್ರ ಸೀದಾ ಕನ್ನಡಿಗಳ ಕಡೆ ನಡೆದರು.

"ಇದು ಗಾಜಲ್ಲ," ಅಂದರು.

ನಾನಿನ್ನೂ ಏನೂ ಹೇಳಿರಲಿಲ್ಲ. ಹೇಗೆ ಗೊತ್ತಾಯಿತು? "ಅಂಚು ನೋಡು, ಹಸಿರು ಎಲ್ಲಿದೆ? ಗಾಜಾದರೆ ಹಸಿರು ಕಾಣಬೇಕು. ಮತ್ತೆ ನಮ್ಮ ಕನ್ನಡಿಗೆ ಉಗುರು ತಾಗಿಸಿದರೆ ಒಳಗಿನ ಉಗುರು ಸ್ವಲ್ಪ ದೂರ ನಿಲ್ಲುತ್ತದೆ. ಇದಕ್ಕೆ ತಾಗಿಸಿದರೆ ಎರಡೂ ಕೂಡಬಹುದು." ಮುಟ್ಟುವ ಹಾಗಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡೇ ಹೇಳಿದರು. ನಿಜ, ಅದು ಉಜ್ಜಿದ ಸ್ಟೀಲು, ಮೇಲ್ಮೈಯೇ ಕನ್ನಡಿ. ಗಾಜಿನ ಕನ್ನಡಿಯಲ್ಲಿ ಬೆಳ್ಳಿ ಇರುವುದು ಗಾಜಿನ ದಪ್ಪದ ಆಚೆ. ನಾನು ದಿನಾ ತಲೆ ಬಾಚುವ ಕನ್ನಡಿಯಲ್ಲೂ ಆ ಸಂದು ಇತ್ತು, ನೋಡಿರಲೇ ಇಲ್ಲ.

ಒಳಕ್ಕೆ ಬಾಗಿದ ಕಡೆ ಇಬ್ಬರೂ ನಿಂತೆವು. ಹತ್ತಿರದಲ್ಲಿ ಮುಖ ದೊಡ್ಡದು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮುಖ ಹರಡಿ ಕಲಸಿಹೋಯಿತು. ಇನ್ನೂ ಸರಿದೆವು. ನನ್ನ ಎಡಕ್ಕಿದ್ದ ಅಪ್ಪ ಕನ್ನಡಿಯಲ್ಲಿ ಬಲಕ್ಕೆ ಬಂದುಬಿಟ್ಟರು!

ಅಪ್ಪ ಮತ್ತೆ ಮುಂದೆ, ಮತ್ತೆ ಹಿಂದೆ. ನೆಲದಲ್ಲಿ ಆ ಜಾಗ ಯಾವುದು ಅಂತ ಚಪ್ಪಲಿ ತುದಿಯಿಂದ ಗುರುತು ಹಿಡಿದರು. ಅರ್ಧ ಗಂಟೆ ಅಲ್ಲೇ. ಒಬ್ಬಳು ಸಣ್ಣ ಹುಡುಗಿ ಬಂದು ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಅಪ್ಪ ಕೈಸನ್ನೆ ಮಾಡಿ ಅವಳನ್ನು ಹಿಂದಕ್ಕೆ ಕರೆದು, ತಾವು ಹುಡುಕಿಟ್ಟ ಜಾಗ ಬಿಟ್ಟುಕೊಟ್ಟರು.