ಮೈನರ್ ವೈರಿಂಗ್: ಲೈಟು ಬಂತು, ಹಾರ್ನ್ ಇನ್ನೂ ಹಟ ಹಿಡಿದಿದೆ

ಕಳೆದ ಸಲ ಬರೆದಾಗ ನನ್ನ 1965ರ ಮೋರಿಸ್ ಮೈನರ್ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿ, ಹಿಂದಿದ್ದ ವೈರುಗಳ ಗೋಜಲು ನೋಡಿ, ಹಾಗೇ ಮುಚ್ಚಿಟ್ಟಿದ್ದೆ. ಅದಾಗಿ ಆರು ವಾರ. ಈಗ ಮುಕ್ಕಾಲು ಕೆಲಸ ಮುಗಿದಿದೆ. ಅದರಲ್ಲಿ ಎರಡು ವಾರ ನಾನೇ ಸುಮ್ನೆ ಹಾಳು ಮಾಡಿಕೊಂಡಿದ್ದು. ಅದನ್ನೂ ಬರೆಯುತ್ತೇನೆ.

ತೊಂದರೆ ಶುರುವಾಗಿದ್ದು ಹಿಂದಿನ ಲೈಟಿನಿಂದ. ಎಡಗಡೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಅದರ ಜೊತೆ ಮಂಕಾಗಿ ಮಿಣುಕುತ್ತಿತ್ತು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಸುಸ್ತಾಗಿ ನಿಂತೇ ಬಿಡುತ್ತಿತ್ತು. ಫ್ಲಾಷರ್ (ಇಂಡಿಕೇಟರನ್ನು ಮಿಣುಕಿಸುವ ಡಬ್ಬಿ) ಹೋಗಿದೆ ಅಂದುಕೊಂಡು ಹೊಸದು ತರಿಸಿ ಹಾಕಿದೆ. ಅದೇ ರಾಗ. ಬಲ್ಬ್ ಹೋಲ್ಡರ್ ತರಿಸಿದೆ. ಅದೇ ರಾಗ. ಎರಡು ವಾರ ಹೋಗಿದ್ದು ಇಲ್ಲೇ, ಪಾರ್ಸೆಲ್ ಕಾಯುತ್ತಾ.

ಅರ್ತ್, ಅಂದರೆ ಕರೆಂಟು ಗಾಡಿಯ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಅದರ ಬಗ್ಗೆ ಅನುಮಾನ ಬಂದಿರಲಿಲ್ಲ ಅಂತಲ್ಲ. ಮೀಟರ್ ಹಿಡಿದು ನೋಡಿದ್ದೆ. ಒಂದು ಕಡ್ಡಿ ಲ್ಯಾಂಪಿನ ಲೋಹಕ್ಕೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್‌ಗೆ (ಈ ಗಾಡಿ ಪಾಸಿಟಿವ್ ಅರ್ತ್, ಬಾಡಿಯ ಜೊತೆ ಸೇರಿರುವುದು ಪ್ಲಸ್). ಸೊನ್ನೆ ತೋರಿಸಿತು. ಅರ್ತ್ ಚೆನ್ನಾಗಿದೆ ಅಂತ ಮುಂದಕ್ಕೆ ಹೋದೆ. ತಪ್ಪಾಗಿದ್ದು ಎಲ್ಲಿ ಅಂದರೆ, ಆಗ ಲೈಟೇ ಹಾಕಿರಲಿಲ್ಲ. ಕರೆಂಟೇ ಹರಿಯದಿದ್ದರೆ ಕೆಟ್ಟ ಜಾಯಿಂಟಿನಲ್ಲೂ ವೋಲ್ಟೇಜ್ ಬೀಳುವುದಿಲ್ಲ, ಅಲ್ವಾ? ಬ್ರೇಕ್ ಪೆಡಲಿಗೆ ಮರದ ತುಂಡು ಆನಿಸಿಟ್ಟು ಮತ್ತೆ ನೋಡಿದರೆ 2.8 ವೋಲ್ಟ್. ಅಷ್ಟೂ ಆ ಒಂದು ಸ್ಕ್ರೂ ಹತ್ತಿರ ಸೋರಿ ಹೋಗುತ್ತಿತ್ತು.

ಲ್ಯಾಂಪ್ ಬಿಚ್ಚಿದೆ. ಹಿಂದೆ ಯಾರೋ ಗಾಡಿಗೆ ಪೇಂಟ್ ಮಾಡಿಸಿದಾಗ ಸ್ಕ್ರೂ ತೂತಿನ ಸುತ್ತಲೂ ದಪ್ಪಗೆ ಬಣ್ಣ ಬಳಿದು, ಅದರ ಮೇಲೇ ಲ್ಯಾಂಪ್ ಕೂರಿಸಿದ್ದಾರೆ. ಇದ್ದ ಒಂದು ಸ್ಕ್ರೂನ ಎಳೆಗಳಲ್ಲಿ ತುಕ್ಕು. ಪಕ್ಕದ ಹಿತ್ತಾಳೆ ಬುಲೆಟ್ ಕನೆಕ್ಟರ್ (ವೈರುಗಳನ್ನು ಸೇರಿಸುವ, ಗುಂಡಿನಾಕಾರದ ಜೋಡಣೆ) ಮೇಲೆ ಹಸಿರು ಕಿಲುಬು, ಉಗುರಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರಿತು. ಬಾಡಿಯ ಕಡೆಗೆ ದಾರಿ ಸಿಗದ ಇಂಡಿಕೇಟರ್ ಕರೆಂಟು ಅದೇ ಲ್ಯಾಂಪಿನ ಬ್ರೇಕ್ ಬಲ್ಬಿನೊಳಗೆ ನುಗ್ಗಿ, ಅಲ್ಲಿಂದ ಬಲಗಡೆಯ ಬ್ರೇಕ್ ಬಲ್ಬಿನವರೆಗೆ ಸುತ್ತು ಹಾಕಿ ಅಲ್ಲಿನ ಅರ್ತ್ ಹಿಡಿಯುತ್ತಿತ್ತು, ಮಿಣುಕುತ್ತಿದ್ದದ್ದು ಅದಕ್ಕೇ. ಬಣ್ಣ ಕೆರೆದು, ಹೊಳೆಯುವ ತಗಡು ಕಂಡ ಮೇಲೆ ಹೊಸ ಸ್ಕ್ರೂ, ಹಲ್ಲಿನ ವಾಷರ್, ಮೇಲೆ ಸ್ವಲ್ಪ ವ್ಯಾಸಲೀನ್. ಈಗ 0.1 ವೋಲ್ಟ್. ಹೊಸ ಫ್ಲಾಷರ್ ಮತ್ತೆ ಡಬ್ಬ ಸೇರಿದೆ.

ಹಿಂದಿನ ಲೂಮ್ (ಒಟ್ಟಿಗೆ ಕಟ್ಟಿದ ವೈರುಗಳ ಕಂತೆ) ಹೇಗೂ ಬದಲಾಯಿಸಬೇಕಿತ್ತು. ಹತ್ತಿ ನೂಲಿನ ಹೊದಿಕೆ ಮುಟ್ಟಿದರೆ ಉದುರುತ್ತಿತ್ತು, ಒಳಗಿನ ತಾಮ್ರ ಕಪ್ಪಾಗಿತ್ತು. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಎಷ್ಟು ಕತ್ತರಿಸುತ್ತಾ ಹೋದರೂ ಒಳಗೆ ಕಪ್ಪೇ. ಪೂರ್ತಿ ಗಾಡಿಯ ಲೂಮ್ ತರಿಸೋಣವೇ ಅಂತ ಯೋಚಿಸಿ, ಬೇಡ ಅಂತ ಹಿಂದಿನದಷ್ಟೇ ಹೇಳಿದೆ. ಬಂದಿದ್ದು ಬೇರೆ ವರ್ಷದ್ದು! ಮೈನರ್‌ಗೆ ಮಿಂಚುವ ಇಂಡಿಕೇಟರ್ ಬಂದಿದ್ದು 1961ರಲ್ಲಿ. ಅದಕ್ಕೆ ಮೊದಲು ಬಾಗಿಲ ಪಕ್ಕದ ಕಂಬದಿಂದ ಹೊರಗೆ ಚಾಚುವ ಪುಟ್ಟ ಕೈ ಇತ್ತು. ನನಗೆ ಬಂದಿದ್ದು ಆ ಕೈ ಇದ್ದ ಕಾಲದ ಲೂಮ್, ಹಿಂದಕ್ಕೆ ಇಂಡಿಕೇಟರ್ ವೈರೇ ಇಲ್ಲ. ವಾಪಸ್ ಕಳಿಸಿ, ಈ ಸಲ ಹಳೇ ಲೂಮನ್ನು ನೆಲದ ಮೇಲೆ ಹಾಸಿ, ಅಳತೆ ಪಟ್ಟಿ ಇಟ್ಟು, ಪ್ರತಿ ಕವಲಿನ ಫೋಟೋ ತೆಗೆದು ಕಳಿಸಿದೆ. ಸರಿಯಾದದ್ದು ಬಂತು. ಹಳೇ ಲೂಮ್ ಎಸೆಯಬೇಡಿ, ಹೊಸದು ಹಾಕಿ ಎಲ್ಲ ಲೈಟೂ ಹತ್ತುವವರೆಗಂತೂ ಬೇಡವೇ ಬೇಡ.

ಲೂಕಾಸ್ ಕಂಪನಿಯ (ಈ ಗಾಡಿಯ ವಿದ್ಯುತ್ ಭಾಗಗಳು ಅವರವೇ) ವೈರಿನ ಬಣ್ಣಗಳು ಒಮ್ಮೆ ತಲೆಗೆ ಹತ್ತಿದರೆ ನಕ್ಷೆಯ ಗೋಜು ಕಮ್ಮಿ. ಕಂದು ಅಂದರೆ ಬ್ಯಾಟರಿಯಿಂದ ನೇರ, ಫ್ಯೂಸ್ ಇಲ್ಲ. ಬಿಳಿ ಕೀ ತಿರುಗಿಸಿದ ಮೇಲೆ. ಹಸಿರು ಅದೇ, ಆದರೆ ಫ್ಯೂಸ್ ದಾಟಿದ ಮೇಲೆ. ಕೆಂಪು ಸಣ್ಣ ಲೈಟು, ನೀಲಿ ಹೆಡ್‌ಲೈಟು, ಕಪ್ಪು ಅರ್ತ್. ನನ್ನ ಗಾಡಿಯ ಹಳೇ ಮಾಲೀಕರೊಬ್ಬರಿಗೆ ಮಾತ್ರ ಎಲ್ಲದಕ್ಕೂ ಹಳದಿ ವೈರೇ ಇಷ್ಟವಾಗಿತ್ತು ಅಂತ ಕಾಣುತ್ತದೆ.

ಫ್ಯೂಸ್ ಬಗ್ಗೆ ಒಂದು ಮಾತು, ಇದರಲ್ಲಿ ಎಡವುವವರು ಜಾಸ್ತಿ. ಲೂಕಾಸ್ ಗಾಜಿನ ಫ್ಯೂಸ್ ಮೇಲೆ 35 ಅಂತ ಇದ್ದರೆ ಅದು 35 ಆಂಪಿಯರ್‌ಗೆ ಸುಟ್ಟುಹೋಗುತ್ತದೆ ಅಂತ ಅರ್ಥ. ಒಂದೇ ಸಮನೆ ಹೊರುವುದು 17 ಮಾತ್ರ. ಬೇರೆ ಕಡೆಯ ಗಾಜಿನ ಫ್ಯೂಸ್ ಮೇಲೆ 35 ಅಂತ ಇದ್ದರೆ ಅದು 35ನ್ನೇ ಆರಾಮಾಗಿ ಹೊರುತ್ತದೆ. ನೋಡಲು ಎರಡೂ ಒಂದೇ ಥರ. ನನ್ನ ಫ್ಯೂಸ್ ಬಾಕ್ಸಿನಲ್ಲಿ ಇದ್ದದ್ದು ಎರಡನೇ ಜಾತಿಯದು, ಅಂದರೆ ಏನಾದರೂ ಆದರೆ ಫ್ಯೂಸಿಗಿಂತ ಮೊದಲು ವೈರು ಬೇಯುತ್ತಿತ್ತು. ವೈರ್ ಕೊಳ್ಳುವಾಗಲೂ ಹಾಗೇ, ಹೊರಗಿನ ದಪ್ಪ ನೋಡಬೇಡಿ, ಎಳೆ ಕೇಳಿ. 14/0.30 ಅಂದರೆ 0.30 ಮಿಲಿಮೀಟರಿನ 14 ಎಳೆ, ಸಣ್ಣ ಲೈಟಿಗೆ ಸಾಕು. ಹೆಡ್‌ಲೈಟಿಗೆ 28/0.30 ಹಾಕಿದ್ದೇನೆ.

ಹೆಡ್‌ಲೈಟ್ ವಿಷಯ ಬಂತಲ್ಲ. ಬ್ಯಾಟರಿಯಲ್ಲಿ 12.5 ವೋಲ್ಟ್, ಬಲ್ಬಿನ ಹತ್ತಿರ 9.8. ಕೇಳಿದರೆ ಅಷ್ಟೇನೂ ಅನ್ನಿಸುವುದಿಲ್ಲ, ಆದರೆ ವೋಲ್ಟೇಜ್ ಐದನೇ ಒಂದು ಭಾಗ ಬಿದ್ದರೆ ಬೆಳಕು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಲೈಟ್ ಹಾಕಿಕೊಂಡೇ ಒಂದೊಂದು ತುಂಡಾಗಿ ಅಳೆದೆ. ಲೈಟ್ ಸ್ವಿಚ್ಚಿನಲ್ಲಿ 0.4. ಹೆಡ್‌ಲೈಟ್ ತಗ್ಗಿಸಲು ಕಾಲಲ್ಲಿ ಒತ್ತುವ ಡಿಪ್ ಸ್ವಿಚ್ಚಿನಲ್ಲಿ 0.9. ಅದು ಇರುವುದು ನೆಲದ ಮೇಲೆ, ಚಪ್ಪಲಿಯ ಮಣ್ಣೂ ನೀರೂ ಎಲ್ಲ ಅದಕ್ಕೇ. ಉಳಿದ 1.4 ಮುಂದಿನ ಬುಲೆಟ್ ಕನೆಕ್ಟರುಗಳು ಮತ್ತು ಅರ್ತ್ ಸೇರಿ. ಕನೆಕ್ಟರಿನ ರಬ್ಬರ್ ತೋಳಿನೊಳಗಿನ ಲೋಹದ ಕೊಳವೆ ತುಕ್ಕು ಹಿಡಿದು ಸಡಿಲವಾಗಿತ್ತು. ಎಲ್ಲ ಹೊಸದು ಹಾಕಿದೆ, ಬುಲೆಟ್ಟುಗಳು 4.7 ಮಿಲಿಮೀಟರಿನವು. ಕೆಂಪು, ನೀಲಿ ಪ್ಲಾಸ್ಟಿಕ್ಕಿನ, ಒತ್ತಿ ಕೂರಿಸುವ ಕ್ರಿಂಪ್ ಕನೆಕ್ಟರ್ ಸಿಗುತ್ತವಲ್ಲ, ಅವನ್ನು ಈ ಗಾಡಿಯಲ್ಲಿ ಮುಟ್ಟುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಇದ್ದ ಹನ್ನೊಂದರಲ್ಲಿ ನಾಲ್ಕು ಸುಮ್ಮನೆ ಎಳೆದರೆ ಕೈಗೆ ಬಂದವು.

ಜೊತೆಗೆ ಎರಡು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕುವ ಸ್ವಿಚ್ಚುಗಳು. ಹೆಡ್‌ಲೈಟಿಗೆ ಕಾರ್ಖಾನೆಯಲ್ಲಿ ಫ್ಯೂಸೇ ಕೊಟ್ಟಿರಲಿಲ್ಲ, ಅದೂ ಒಂದು ಕಾರಣ. ಇಲ್ಲೇ ಸ್ವಲ್ಪದರಲ್ಲಿ ಹೊಗೆ ಬರಿಸುತ್ತಿದ್ದೆ. ಎಲ್ಲ ಚಿತ್ರಗಳಲ್ಲೂ ರಿಲೇ ಕಾಯಿಲಿನ 85 ನಂಬರಿನ ತುದಿ ಅರ್ತಿಗೆ ಹೋಗುತ್ತದೆ, ನಾನೂ ಹಾಗೇ ಕೊಟ್ಟೆ. ಆದರೆ ಈ ರಿಲೇ ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇದೆ. ಪಾಸಿಟಿವ್ ಅರ್ತ್ ಗಾಡಿಯಲ್ಲಿ ಹಾಗೆ ಕೊಟ್ಟರೆ ನೇರ ಶಾರ್ಟ್. ಉಳಿಸಿದ್ದು ಒಂದು ಹಳೇ 21 ವಾಟ್ ಬಲ್ಬು. ಹೊಸ ವೈರಿಂಗಿಗೆ ಮೊದಲ ಸಲ ಕರೆಂಟ್ ಕೊಡುವಾಗ ಬ್ಯಾಟರಿ ಕೇಬಲ್ ನೇರ ಹಾಕುವುದಿಲ್ಲ, ನಡುವೆ ಈ ಬಲ್ಬ್ ಇಡುತ್ತೇನೆ. ಎಷ್ಟೇ ಶಾರ್ಟ್ ಆದರೂ ಎರಡು ಆಂಪಿಯರ್ ದಾಟುವುದಿಲ್ಲ. ಹೆಡ್‌ಲೈಟ್ ಫ್ಯೂಸ್ ತೆಗೆದಿಟ್ಟು ಬರೀ ರಿಲೇ ಕಾಯಿಲ್ ನೋಡೋಣ ಅಂತ ಸ್ವಿಚ್ ಹಾಕಿದೆ, ಬಲ್ಬು ಧಗ್ ಅಂತ ಹತ್ತಿತು. ಅದು ಹತ್ತಲೇಬಾರದಿತ್ತು. 85, 86 ಅದಲುಬದಲು ಮಾಡಿದೆ. ಬಲ್ಬು ಆರಿತು, ರಿಲೇ ಟಕ್ ಅಂದಿತು. ಈಗ ಹೆಡ್‌ಲೈಟಿನ ಹತ್ತಿರ 12.1.

ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಕಂಟ್ರೋಲ್ ಬಾಕ್ಸ್ ಬಿಚ್ಚಿ ಪಾಯಿಂಟ್ ಒರೆಸಿದ್ದು ಬಿಟ್ಟರೆ ಬೇರೆ ಏನೂ ಮಾಡಿಲ್ಲ. ಅದರೊಳಗಿನ ಕಟ್‌ಔಟ್ (ಡೈನಮೋವನ್ನು ಬ್ಯಾಟರಿಗೆ ಸೇರಿಸುವ ಸ್ವಿಚ್) 13 ವೋಲ್ಟ್ ಹತ್ತಿರ ಕೂರುತ್ತಿದೆ, ಅದು 12.7ರಿಂದ 13.3ರ ನಡುವೆ ಇದ್ದರೆ ಸರಿ. ಚೆನ್ನಾಗಿರುವುದನ್ನು ಕೆದಕುವ ಚಟ ಸದ್ಯಕ್ಕೆ ಕಟ್ಟಿಟ್ಟಿದ್ದೇನೆ.

ಉಳಿದಿರುವುದು ಹಾರ್ನ್. ಸ್ಟೀರಿಂಗ್ ನೇರ ಇದ್ದಾಗ ಮೌನ, ಬಲಕ್ಕೆ ಅರ್ಧ ಸುತ್ತು ತಿರುಗಿಸಿದರೆ ಮಾತ್ರ ಕೂಗುತ್ತದೆ. ಹಾರ್ನಿಗೆ ಕರೆಂಟ್ ಸರಿಯಾಗಿ ಬರುತ್ತಿದೆ, ಅದರ ಇನ್ನೊಂದು ವೈರನ್ನು ಗಾಡಿಯ ಲೋಹಕ್ಕೆ ಮುಟ್ಟಿಸಿದರೆ ಚೆನ್ನಾಗೇ ಕಿರುಚುತ್ತದೆ. ಹಾಗಾಗಿ ತಪ್ಪು ಗುಂಡಿಯಲ್ಲೋ, ಕಾಲಮ್ಮಿನೊಳಗೆ ಇಳಿಯುವ ವೈರಿನಲ್ಲೋ ಇರಬೇಕು. ಭಾನುವಾರ ಸ್ಟೀರಿಂಗ್ ಬಿಚ್ಚುತ್ತೇನೆ. ಈ ಸಲ ಅಳೆಯುವವರೆಗೆ ಯಾವ ಪಾರ್ಟೂ ತರಿಸಿಲ್ಲ.