ಭಾರದ ಸ್ಟೆಪ್ನಿ ಮತ್ತು ಹಿಂಬಾಗಿಲು

ಮಹೀಂದ್ರ ಥಾರ್ ಜೀಪಿನ 255/65 ಆರ್18 ಟಯರು ತೆಗೆದು ಇನ್ನೂ ದೊಡ್ಡ 285/70 ಆರ್17 ಹಾಕಿಸುವಾಗ ಎಲ್ಲರ ಗಮನ ನೆಲ ಮುಟ್ಟುವ ನಾಲ್ಕು ಚಕ್ರಗಳ ಮೇಲೆ. ಹಿಂಬಾಗಿಲಲ್ಲಿ ನೇತಾಡುವ ಐದನೆಯದನ್ನು ಯಾರೂ ತೂಗಿ ನೋಡುವುದಿಲ್ಲ. ಟಯರಿನ ಎತ್ತರ ಸುಮಾರು 789 ಮಿ.ಮೀ.ನಿಂದ 831ಕ್ಕೆ ಏರುತ್ತದೆ. ದಪ್ಪ ಮಡ್ ಟಯರಿಗೆ ಕಬ್ಬಿಣದ ರಿಮ್ಮೂ ಸೇರಿದರೆ ತೂಕ 40 ಕೆ.ಜಿ. ದಾಟಬಹುದು. ಅಡಿಕೆ ತೂಗುವಲ್ಲಿ ಒಮ್ಮೆ ಇಟ್ಟು ನೋಡಿ.

ಬಾಗಿಲು ತಿರುಗುವ ಕೀಲಿನಿಂದ, ಅಂದರೆ ಹಿಂಜಿನಿಂದ, ಚಕ್ರದ ನಡುವಿಗೆ 60 ಸೆಂ.ಮೀ., ಎರಡು ಹಿಂಜುಗಳ ನಡುವೆ 40 ಸೆಂ.ಮೀ. ಎಂದಿಟ್ಟುಕೊಳ್ಳಿ. ಬಾಗಿಲು ತೆರೆದಾಗ 40 ಕೆ.ಜಿ. ಚಕ್ರ ಮೇಲಿನ ಹಿಂಜನ್ನು 60 ಕೆ.ಜಿ. ಬಲದಲ್ಲಿ ಹೊರಗೆಳೆಯುತ್ತದೆ, ಕೆಳಗಿನದನ್ನು ಅಷ್ಟೇ ಬಲದಲ್ಲಿ ಒಳಗೊತ್ತುತ್ತದೆ. ಬಾಗಿಲಿನ ಭಾರ ಬೇರೆ.

ಮುಚ್ಚಿದಾಗ ಬೀಗವೂ ಸ್ವಲ್ಪ ಭಾರ ಹೊರುತ್ತದೆ, ನಿಜ. ಆದರೆ ಕಾಸರಗೋಡಿನ ಪೆರ್ಲ, ಅಡೂರು ಕಡೆಯ ಮುರಕಲ್ಲಿನ ಏರುಗಳಲ್ಲಿ ಚಕ್ರ ಅಲ್ಲಾಡತೊಡಗಿದರೆ ಚಕ್ರ ಹೊರುವ ಬ್ರಾಕೆಟ್ಟಿನ ಬೋಲ್ಟುಗಳ ಸುತ್ತ ತಗಡು ಕೂದಲೆಳೆಯಷ್ಟು ಸಪೂರಕ್ಕೆ ಬಿರಿಯುತ್ತದೆ. ಅಲ್ಲಾಟ ತಡೆಯುವುದು ಟಯರಿನ ಹಿಂದಿನ ರಬ್ಬರ್ ಬಫರ್. ರಿಮ್ಮಿನ ಆಫ್‌ಸೆಟ್, ಅಂದರೆ ಬೋಲ್ಟು ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಇರುವ ದೂರ, ಬದಲಾದರೆ ಟಯರು ಅದಕ್ಕೆ ತಾಗದೆಯೇ ಇರಬಹುದು. ನಡುವೆ ಕಾಗದದ ಚೀಟಿ ಇಟ್ಟು ನಟ್ಟು ಬಿಗಿಯಿರಿ. ಎಳೆದರೆ ಚೀಟಿ ಬರಬಾರದು. ಬಂದರೆ ಬಫರನ್ನೇ ಎತ್ತರಿಸಿ. ಟಯರು ಬಾಗಿಲಿಗೆ ತೀರಾ ಒತ್ತಿ ನಟ್ಟು ಕೂರದಿದ್ದರೆ ಮಾತ್ರ ಬ್ರಾಕೆಟ್ಟಿಗೆ ಸ್ಪೇಸರ್ ಹಾಕಿ, ಅದೂ ಬೇಕಾದಷ್ಟೇ. ಚಕ್ರ ಹೊರಗೆ ಹೋದಷ್ಟೂ ತಗಡಿನ ಮೇಲೆ ಎಳೆತ ಹೆಚ್ಚು. 12 ಮಿ.ಮೀ. ಸ್ಟಡ್ಡಾದರೆ ನಟ್ಟಿನೊಳಗೆ ಕನಿಷ್ಠ 12 ಮಿ.ಮೀ. ಥ್ರೆಡ್ ಹಿಡಿದಿರಲಿ.

ಹಿಂಜು ಪರೀಕ್ಷಿಸಲು ಇಬ್ಬರು ಬೇಕು. ಬಾಗಿಲು ತೆರೆದು ಒಬ್ಬರು ಟಯರಿನ ಹೊರ ಅಂಚನ್ನು ಎತ್ತಿ ಇಳಿಸಲಿ, ಇನ್ನೊಬ್ಬರು ಮೇಲಿನ ಹಿಂಜಿನ ಪಿನ್ನಿನ ಮೇಲೆ ಬೆರಳಿಟ್ಟಿರಲಿ. ಸವೆದಿದ್ದರೆ 'ಟಕ್' ಎಂಬ ಆಟ ಬೆರಳಿಗೇ ಗೊತ್ತಾಗುತ್ತದೆ. ಬಾಗಿಲನ್ನು ಎತ್ತಿ ಮುಚ್ಚಬೇಕಾಗಿ ಬಂದರೆ ಅದು ಜೋತಿದೆ ಎಂದೇ ಅರ್ಥ. ಬೀಗ ಕಚ್ಚಿಕೊಳ್ಳುವ ಕೊಂಡಿಯನ್ನು (ಸ್ಟ್ರೈಕರ್) ತಗ್ಗಿಸಿ ಕೊಟ್ಟರೆ ಬಾಗಿಲು ಮುಚ್ಚುತ್ತದೆ, ಸವೆತ ನಿಲ್ಲುವುದಿಲ್ಲ.

ಬಲಪಡಿಸಲು ಹೊರಗಿನ ದೊಡ್ಡ ವಾಷರ್ ಸಾಲದು. ಬಾಗಿಲಿನ ಒಳಗಿನಿಂದ ಎಲ್ಲ ಬೋಲ್ಟುಗಳನ್ನೂ ಸೇರಿಸಿ 3 ಮಿ.ಮೀ. ಪ್ಲೇಟು ಕೊಡಿಸಿ. ಕೊರೆದ ತೂತಿನ ಅಂಚಿಗೆ ಜಿಂಕ್ ಪ್ರೈಮರ್ ಬಳಿಯದೆ ಬೋಲ್ಟು ಹಾಕಬೇಡಿ. ಕುಂಬಳೆ, ಮಂಜೇಶ್ವರದ ಉಪ್ಪುಗಾಳಿಗೆ ತುಕ್ಕು ಅಲ್ಲಿಂದಲೇ ಶುರು. ಬಾಗಿಲಿನ ಅಡಿಯ ನೀರಿಳಿಯುವ ತೂತುಗಳಲ್ಲಿ ಕೆಸರು ಕಟ್ಟದಂತೆಯೂ ನೋಡಿಕೊಳ್ಳಿ.

ಇಷ್ಟಾದರೂ ಬಾಗಿಲು ಜೋತರೆ ಚಾಸಿಸ್‌ಗೆ ಕೂರುವ ಪ್ರತ್ಯೇಕ ಕ್ಯಾರಿಯರ್ರೇ ಸರಿ. ಸಾಮಾನು ತೆಗೆಯಲು ಎರಡೆರಡು ಸಲ ತೆರೆಯಬೇಕು, ಗಾಡಿಯ ಹಿಂಭಾರವೂ ಏರುತ್ತದೆ. ಆದರೆ ಬಾಗಿಲಿನ ತಗಡು ಉಳಿಯುತ್ತದೆ. ನಂಬರ್ ಪ್ಲೇಟು, ಬ್ರೇಕ್ ಲೈಟು ಮರೆಯಾಗದಂತೆ ಕೂರಿಸಿ. ನೂರು ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಯಿರಿ.