ಬಿಸಿಯೂಟದ ಸಾಲಿನ ಗೋಡೆ ಪತ್ರಿಕೆ: ಜೂನ್‌ನಿಂದ ಜನವರಿಯವರೆಗೆ

ನಮ್ಮದು ತಿಪಟೂರು ಸೀಮೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾಲ್ಕು ಮತ್ತು ಐದನೇ ತರಗತಿಗಳು ನನ್ನ ಪಾಲಿನವು. ಈ ಶೈಕ್ಷಣಿಕ ವರ್ಷದಲ್ಲಿ ಮಕ್ಕಳ ಕೈಯಲ್ಲೇ ಒಂದು ಗೋಡೆ ಪತ್ರಿಕೆ ನಡೆಸಬೇಕೆಂದು ಹೊರಟಿದ್ದೇನೆ. ಅದರಲ್ಲಿ ಬರುವುದು ಎರಡೇ ಸಂಗತಿ: ಮಕ್ಕಳ ಹವ್ಯಾಸ, ಶಾಲೆಯ ಕಾರ್ಯಕ್ರಮ. ನೀತಿಕಥೆ, ಸುಭಾಷಿತ, ಪಠ್ಯದಿಂದ ನಕಲು ಮಾಡಿದ ಪದ್ಯಗಳಿಗೆ ಪ್ರವೇಶವಿಲ್ಲ. ನೆರೆಯ ಶಾಲೆಗಳ ಶಿಕ್ಷಕರು ವಿಚಾರಿಸುತ್ತಿರುವುದರಿಂದ ಇಲ್ಲಿಯವರೆಗೆ ನಡೆದದ್ದನ್ನು ತಿಂಗಳುವಾರು ಬರೆದಿಡುತ್ತಿದ್ದೇನೆ.

ಜೂನ್

ಪ್ರಾರಂಭೋತ್ಸವದ ತೋರಣ ಒಣಗುವ ಮೊದಲೇ ಜಾಗ ಹುಡುಕಿದೆ. ಶಾಲೆಯಲ್ಲಿ ಸೂಚನಾ ಫಲಕವೇನೋ ಇದೆ, ಆದರೆ ಅದು ಕಚೇರಿ ಕೋಣೆಯ ಹೊರಗೆ ದೊಡ್ಡವರ ಕಣ್ಣಿನ ಎತ್ತರಕ್ಕಿದೆ. ಸುತ್ತೋಲೆ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರ ಪಟ್ಟಿ ಅಂಟಿರುವ ಕಡೆ ಯಾವ ಮಗುವೂ ತಲೆ ಹಾಕುವುದಿಲ್ಲ. ಮಕ್ಕಳೆಲ್ಲ ದಿನವೂ ತಪ್ಪದೆ ನಿಲ್ಲುವ ಜಾಗವೆಂದರೆ ಬಿಸಿಯೂಟದ ಸಾಲು. ತಟ್ಟೆ ಹಿಡಿದು ಅಡುಗೆ ಕೋಣೆಯ ಪಕ್ಕದ ಗೋಡೆಗೆ ಒರಗಿ ನಿಂತವರಿಗೆ, ಮುಂದಿನವರ ಜಡೆ ಎಳೆಯುವುದನ್ನು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ. ಆ ಗೋಡೆಯನ್ನೇ ಆರಿಸಿಕೊಂಡೆ.

ಮೈದಾ ಅಂಟು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ, ಅಡುಗೆ ಕೋಣೆಯ ಪಕ್ಕ ಅದು ಜಿರಲೆಗಳಿಗೆ ಕರೆ ಕೊಟ್ಟಂತೆ. ಮೊಳೆ ಹೊಡೆಸಿ, ಮೇಲೊಂದು ಕೆಳಗೊಂದು ನೈಲಾನ್ ದಾರ ಕಟ್ಟಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಹಾಳೆ ಸಿಕ್ಕಿಸುವ ವ್ಯವಸ್ಥೆ ಮಾಡಿದೆವು. ಕೆಳಗಿನ ದಾರ ಒಂದು, ಎರಡನೇ ತರಗತಿಯ ಪುಟ್ಟವರಿಗೆ. ಹಾಳೆ ಬದಲಿಸುವುದು ಸುಲಭ, ಖರ್ಚೂ ಕಡಿಮೆ. ಕ್ಲಿಪ್ಪುಗಳು ಮಾಯವಾಗುತ್ತವೆ ಎಂಬುದೊಂದೇ ತೊಂದರೆ.

ಜುಲೈ

ಮೊದಲ ಸಂಚಿಕೆಗೆ ‘ನನ್ನ ಹವ್ಯಾಸ’ ಎಂಬ ತಲೆಬರಹದಲ್ಲಿ ಬಂದ ಬರಹಗಳನ್ನು ಓದಿ ನಗು ಬಂತು. ‘ನನ್ನ ಹವ್ಯಾಸ ಪುಸ್ತಕ ಓದುವುದು. ಹವ್ಯಾಸದಿಂದ ಸಮಯದ ಸದುಪಯೋಗವಾಗುತ್ತದೆ.’ ಮುಕ್ಕಾಲು ಪಾಲು ಮಕ್ಕಳದು ಇದೇ ಧಾಟಿ. ಪ್ರಬಂಧದ ಗೈಡುಗಳಲ್ಲಿ ಹವ್ಯಾಸವೆಂದರೆ ಮೂರೇ: ಓದುವುದು, ತೋಟಗಾರಿಕೆ, ಅಂಚೆಚೀಟಿ ಸಂಗ್ರಹ. ಅಂಚೆಚೀಟಿ ಸಂಗ್ರಹಿಸುತ್ತೇನೆ ಎಂದು ಬರೆದ ಹುಡುಗನನ್ನು ‘ಎಲ್ಲಿ, ನಾಳೆ ತಂದು ತೋರಿಸು’ ಎಂದೆ. ಅವನು ಅಂಚೆಚೀಟಿಯನ್ನು ಕಣ್ಣಿನಿಂದಲೇ ಕಂಡವನಲ್ಲ. ಅವನ ಮನೆಗೆ ಕಾಗದ ಬರೆಯುವವರು ಯಾರಿದ್ದಾರೆ?

ಹಾಗಾಗಿ ‘ಹವ್ಯಾಸ’ ಎಂಬ ತಲೆಬರಹವನ್ನೇ ತೆಗೆದು ಬೇರೆ ರೀತಿ ಕೇಳಿದೆ: ನಿನ್ನೆ ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಏನು ಮಾಡಿದಿರಿ? ಅದನ್ನು ಗೊತ್ತಿಲ್ಲದವರಿಗೆ ಕಲಿಸಿಕೊಡುವ ಹಾಗೆ ಬರೆಯಿರಿ. ಈಗ ಬಂದವು ನೋಡಿ ಬರಹಗಳು! ಬುಗುರಿಗೆ ಚಾಟಿ ಸುತ್ತುವುದು, ಎದುರಾಳಿಯ ಬುಗುರಿಗೆ ಗುನ್ನ ಹೊಡೆಯುವುದು, ಅಪ್ಪನ ಸೈಕಲ್ಲನ್ನು ಒಳಪೆಡಲಿನಲ್ಲಿ ತುಳಿಯುವುದು, ಕೋಳಿಯನ್ನು ಕಾವಿಗೆ ಕೂರಿಸುವುದು. ಆಷಾಢದ ಗಾಳಿ ಜೋರಾಗಿದ್ದ ದಿನಗಳಾದ್ದರಿಂದ ಗಾಳಿಪಟದ ಬರಹಗಳೇ ಹೆಚ್ಚು. ನಾಲ್ಕನೇ ತರಗತಿಯವನೊಬ್ಬ ಬರೆದದ್ದು: ‘ತೆಂಗಿನ ಗರಿಯ ಕಡ್ಡಿಯನ್ನು ಪೂರ್ತಿ ಒಣಗಿಸಬಾರದು. ಒಣಗಿದರೆ ಬಗ್ಗಿಸುವಾಗ ಮುರಿಯುತ್ತದೆ. ಅನ್ನದ ಅಗುಳಿನಿಂದ ಅಂಟಿಸಬೇಕು, ಆದರೆ ಚಿತ್ರಾನ್ನದ ಅಗುಳು ಬೇಡ, ಎಣ್ಣೆ ಇರುತ್ತದೆ. ಪಟ ಗಿರಕಿ ಹೊಡೆದರೆ ಬಾಲಂಗೋಚಿ ಉದ್ದ ಮಾಡಿ. ಆಗಲೂ ಹೊಡೆದರೆ ಸೂತ್ರ ತಪ್ಪಾಗಿದೆ, ಬಿಚ್ಚಿ ಮತ್ತೆ ಕಟ್ಟಿ.’ ಕಾಗುಣಿತ ಬಿಟ್ಟರೆ ಇದರಲ್ಲಿ ನಾನು ಏನನ್ನೂ ತಿದ್ದಲಿಲ್ಲ. ಚಿತ್ರಾನ್ನದ ಎಣ್ಣೆಯ ವಿಚಾರ ಯಾವ ಗೈಡಿನಲ್ಲಿ ಸಿಗುತ್ತದೆ?

ಮೊಬೈಲ್ ಆಟದ ಬಗ್ಗೆ ಬರೆಯಬಹುದೇ ಎಂದು ಐದನೇ ತರಗತಿಯ ಹುಡುಗರು ಹಿಂಜರಿಯುತ್ತಲೇ ಕೇಳಿದರು. ಬರೆಯಿರಿ, ಆದರೆ ಷರತ್ತು ಅದೇ, ಓದಿದವರಿಗೆ ಕಲಿಯಲು ಬರಬೇಕು ಎಂದೆ. ಗುಂಡು ಹಾರಿಸುವ ಆಟದ ಬರಹಗಳು ಮೂರು ಸಾಲಿಗೇ ನಿಂತವು. ಆದರೆ ಅಣ್ಣನ ಕುಣಿತವನ್ನು ಚಿತ್ರೀಕರಿಸುವ ಹುಡುಗಿ ಒಂದು ಪುಟ ಬರೆದಳು. ಫೋನನ್ನು ಬೆಲ್ಲದ ಡಬ್ಬಿಗೆ ಒರಗಿಸಿ ನಿಲ್ಲಿಸಬೇಕಂತೆ, ಬೆಳಕು ಕುಣಿಯುವವನ ಮುಖದ ಮೇಲೆ ಬೀಳಬೇಕಂತೆ, ಹಿಂದುಗಡೆ ದನ ಬಾರದಂತೆ ತಮ್ಮನನ್ನು ಕಾವಲಿಗೆ ನಿಲ್ಲಿಸಬೇಕಂತೆ. ಅದಕ್ಕೆ ಮೇಲಿನ ದಾರದಲ್ಲಿ ಮಧ್ಯದ ಜಾಗ ಕೊಟ್ಟೆ. ಸಹೋದ್ಯೋಗಿಯೊಬ್ಬರಿಗೆ ಇದು ಹಿಡಿಸಲಿಲ್ಲ. ಮೊಬೈಲಿಗೆ ನಾವೇ ಕುಮ್ಮಕ್ಕು ಕೊಟ್ಟಂತಲ್ಲವೇ ಎಂದರು. ಬರಹ ಓದಿದ ಮೇಲೂ ಅವರ ಅಭಿಪ್ರಾಯ ಬದಲಾಗಿಲ್ಲ, ನನ್ನದೂ ಬದಲಾಗಿಲ್ಲ.

ಆಗಸ್ಟ್

ಮಳೆಗೆ ಮೈದಾನ ಕೆಸರಾಗಿ ಆಟವೆಲ್ಲ ಜಗುಲಿಗೆ ಬಂತು. ಚೌಕಾಬಾರದ ವಿಶೇಷ ಸಂಚಿಕೆ ಮಾಡಿದೆವು. ಐದೈದರ 25 ಮನೆ, ಒಬ್ಬೊಬ್ಬರಿಗೆ 4 ಕಾಯಿ, 4 ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ ಅಂದರೆ 4, ನಾಲ್ಕೂ ಬೋರಲಾದರೆ ಬಾರ ಅಂದರೆ 8, ಎರಡಕ್ಕೂ ಮತ್ತೊಂದು ಆಟ. ಕಟ್ಟೆಯಲ್ಲಿರುವ, ಅಂದರೆ ಗುರುತು ಹಾಕಿದ ಮನೆಯಲ್ಲಿರುವ, ಕಾಯನ್ನು ಹೊಡೆಯುವಂತಿಲ್ಲ. ಕವಡೆ ಇಲ್ಲದವರಿಗೆ ಹುಣಸೆ ಬೀಜ: ಒಂದು ಬದಿಯನ್ನು ಕಲ್ಲಿನ ಮೇಲೆ ಬಿಳಿಯಾಗುವವರೆಗೆ ಉಜ್ಜಬೇಕು, ಉಜ್ಜುವಾಗ ಬೆರಳು ಸುಡುತ್ತದೆ.

ನಿಯಮ ಬರೆಯುವಾಗ ಜಗಳವಾಯಿತು. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂದು ಮೇಲಿನ ಕೇರಿಯವರು, ಹೋಗಬಹುದು ಎಂದು ಕೆಳಗಿನ ಕೇರಿಯವರು. ಇಬ್ಬರೂ ಅಜ್ಜಿಯರನ್ನು ಸಾಕ್ಷಿಗೆ ಕರೆದರು. ಕೊನೆಗೆ ಎರಡು ನಿಯಮಾವಳಿಗಳನ್ನೂ ಅಕ್ಕಪಕ್ಕ ತೂಗುಹಾಕಿದೆವು. ಸಾಲಿನಲ್ಲಿ ನಿಂತವರು ತಟ್ಟೆ ಮರೆತು ವಾದಿಸುವುದನ್ನು ಕಂಡು ಅಡುಗೆಯವರೇ ಗದರಬೇಕಾಯಿತು.

ಇದೇ ತಿಂಗಳು ಶಾಲಾ ಸಂಸತ್ತಿನ ಚುನಾವಣೆ. ‘ಚುನಾವಣೆಯು ವಿಜೃಂಭಣೆಯಿಂದ ಜರುಗಿತು, ವಿಜೇತರಿಗೆ ಅಭಿನಂದನೆಗಳು’ ಎಂಬ ವರದಿ ಬಂತು. ಆಹ್ವಾನ ಪತ್ರಿಕೆಯಲ್ಲಿ, ವಂದನಾರ್ಪಣೆಯಲ್ಲಿ ಬರುವ ಮಾತು ವರದಿಯಲ್ಲಿ ಬರಕೂಡದು ಎಂದು ಹೊಸ ನಿಯಮ ಮಾಡಿದೆ. ಎರಡನೇ ಸಲ ಬಂದ ವರದಿಯಲ್ಲಿ ಬೆರಳಿಗೆ ಶಾಯಿಯ ಬದಲು ಸ್ಕೆಚ್ ಪೆನ್ನು ಹಚ್ಚಿದ್ದು, ಕೈ ತೊಳೆದುಕೊಂಡು ಒಬ್ಬ ಮತ್ತೆ ಸಾಲಿಗೆ ಬಂದದ್ದು, ‘ಮನೆಗೆಲಸವನ್ನೇ ರದ್ದು ಮಾಡುತ್ತೇನೆ’ ಎಂದವನು ಸೋತದ್ದು, ಎಲ್ಲವೂ ಇತ್ತು.

ಸೆಪ್ಟೆಂಬರ್

ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ. ಇಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ರಾಜ್ಯಕ್ಕೆ. ಕಂಠಪಾಠ, ಅಭಿನಯ ಗೀತೆ, ಕಥೆ ಹೇಳುವುದು, ಜೇಡಿಮಣ್ಣಿನ ಮಾದರಿ, ಛದ್ಮವೇಷ ಹೀಗೆ ಸ್ಪರ್ಧೆಗಳ ಉದ್ದನೆಯ ಪಟ್ಟಿ. ಬಹುಮಾನ ಪಡೆದವರ ಹೆಸರು ಹೇಗೂ ಸೂಚನಾ ಫಲಕಕ್ಕೆ ಹೋಗುತ್ತದೆ. ಆದ್ದರಿಂದ ನಮ್ಮ ಪತ್ರಿಕೆಗೆ ಬಹುಮಾನ ಬಾರದವರೇ ವರದಿಗಾರರು.

ಸಂಗೊಳ್ಳಿ ರಾಯಣ್ಣನ ವೇಷ ಹಾಕಿದ್ದ ಹುಡುಗ ಬರೆದ: ‘ಬೆಳಿಗ್ಗೆಯೇ ಮೀಸೆ ಅಂಟಿಸಿದರು. ನಮ್ಮ ಸರದಿ ಮಧ್ಯಾಹ್ನ ಬಂತು. ಅಷ್ಟರಲ್ಲಿ ಎಲ್ಲರೂ ಪುಳಿಯೋಗರೆ ತಿಂದರು. ನಾನು ಮೀಸೆ ಬಿಡುತ್ತದೆ ಎಂದು ತಿನ್ನಲಿಲ್ಲ. ವೇದಿಕೆಯಲ್ಲಿ ಮಾತು ಮರೆಯಲಿಲ್ಲ, ಆದರೆ ಕತ್ತಿ ಎತ್ತುವಾಗ ಮೀಸೆ ಬಿಟ್ಟಿತು.’ ಜೇಡಿಮಣ್ಣಿನ ಸ್ಪರ್ಧೆಗೆ ಹೋದವಳು ಕೆರೆಯ ಯಾವ ಮಗ್ಗುಲಿನ ಮಣ್ಣು ಬಿರುಕು ಬಿಡುವುದಿಲ್ಲ ಎಂದು ನಕ್ಷೆ ಬಿಡಿಸಿಯೇ ಕೊಟ್ಟಳು. ಮುಂದಿನ ವರ್ಷದ ಸ್ಪರ್ಧಿಗಳಿಗೆ ಆ ನಕ್ಷೆಯನ್ನು ತೆಗೆದಿಟ್ಟಿದ್ದೇನೆ.

ಅಕ್ಟೋಬರಿನಲ್ಲಿ ದಸರಾ ರಜೆ, ಕೆಲಸ ನಿಂತಿತು.

ನವೆಂಬರ್

ದಕ್ಷಿಣ ಕನ್ನಡದಲ್ಲಿ ಶಿಕ್ಷಕಿಯಾಗಿರುವ ಗೆಳತಿಯ ಶಾಲೆಯೊಂದಿಗೆ ಪತ್ರ ವ್ಯವಹಾರ ಶುರುವಾಯಿತು. 50 ಪೈಸೆಯ ಪೋಸ್ಟ್ ಕಾರ್ಡುಗಳು. ಇಷ್ಟು ಅಗ್ಗದ ವಸ್ತು ಇನ್ನೂ ಮಾರಾಟಕ್ಕಿದೆ ಎಂದು ಮಕ್ಕಳು ನಂಬಲಿಲ್ಲ. ಒಬ್ಬಳಂತೂ ಒಂದು ರೂಪಾಯಿ ಹಿಡಿದು ಹೋಗಿ ಎರಡು ಕಾರ್ಡು ತಂದು ಪರೀಕ್ಷಿಸಿದಳು. ವಿಳಾಸ ಬರೆಯಲು ಎಲ್ಲರಿಗೂ ಹೊಸದಾಗಿ ಕಲಿಸಬೇಕಾಯಿತು. ಕಾರ್ಡಿನ ಜಾಗ ಚಿಕ್ಕದಾದ್ದರಿಂದ ‘ನಾನು ಕ್ಷೇಮ, ನೀವು ಕ್ಷೇಮವೇ’ ಎಂಬುದಕ್ಕೇ ಅರ್ಧ ಮುಗಿಯುತ್ತದೆ ಎಂದು ತಾವೇ ಕಂಡುಕೊಂಡು ನೇರ ವಿಷಯಕ್ಕೆ ಬಂದರು.

ಆ ಕಡೆಯಿಂದ ದಪ್ಪ ಲಕೋಟೆಯೊಂದರಲ್ಲಿ ಉತ್ತರಗಳು ಬಂದವು. ಯಕ್ಷಗಾನದ ಹೆಜ್ಜೆ ಕಲಿಯುತ್ತಿರುವವರು, ಗುಳಿಗಳಿಗೆ ಬೀಜ ಹಂಚುವ ಚೆನ್ನೆಮಣೆ ಆಡುವವರು, ಮಳೆಗಾಲದಲ್ಲಿ ತೋಡಿನಲ್ಲಿ ಏಡಿ ಹಿಡಿಯುವವರು. ಏಡಿ ಹಿಡಿಯುವ ಬರಹವನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿಕೊಂಡಿದ್ದಾರೆ. ಲಕೋಟೆಯ ಮೇಲೆ ನಿಜವಾದ ಅಂಚೆಚೀಟಿಗಳಿದ್ದವು. ಜುಲೈನಲ್ಲಿ ಅಂಚೆಚೀಟಿ ಸಂಗ್ರಹದ ಬಗ್ಗೆ ಬರೆದಿದ್ದ ಹುಡುಗನಿಗೇ ಅವನ್ನು ಕೊಡಬೇಕೆಂದು ತರಗತಿಯೇ ತೀರ್ಪು ಕೊಟ್ಟಿತು. ಲಕೋಟೆಯ ಮೂಲೆ ಕತ್ತರಿಸಿ, ತಟ್ಟೆಯ ನೀರಿನಲ್ಲಿ ನೆನೆಹಾಕಿ, ಚೀಟಿ ತಾನಾಗಿ ಬಿಟ್ಟುಕೊಳ್ಳುವವರೆಗೆ ಕಾಯಬೇಕು, ಉಗುರಿನಿಂದ ಕೆರೆಯಬಾರದು ಎಂದು ತೋರಿಸಿಕೊಟ್ಟೆ. ಪಕ್ಕದ ಹಾಳೆಯಲ್ಲಿ ನಾನೂ ಒಂದು ಟಿಪ್ಪಣಿ ಹಾಕಿದೆ: ಸ್ವತಂತ್ರ ಭಾರತದ ಮೊದಲ ಅಂಚೆಚೀಟಿ ಬಂದದ್ದು 1947ರ ನವೆಂಬರ್ 21ರಂದು, ಅದರ ಮೇಲೆ ತ್ರಿವರ್ಣ ಧ್ವಜ ಮತ್ತು ಜೈ ಹಿಂದ್, ಬೆಲೆ ಮೂರೂವರೆ ಆಣೆ. ಆಣೆ ಎಂದರೇನು ಎಂದು ಕೇಳಿಕೊಂಡು ಬಂದವರಿಂದಾಗಿ ಒಂದು ಗಣಿತದ ಅವಧಿಯೂ ದಕ್ಕಿತು.

ರಾಜ್ಯೋತ್ಸವದ ವರದಿ ಸಾಧಾರಣ. ಮಕ್ಕಳ ದಿನಾಚರಣೆಯಂದು ಶಿಕ್ಷಕರು ಹಗ್ಗಜಗ್ಗಾಟದಲ್ಲಿ ಸೋತ ವರದಿ ಅಗತ್ಯಕ್ಕಿಂತ ವಿವರವಾಗಿತ್ತು.

ಡಿಸೆಂಬರ್

ಮಕ್ಕಳ ಸಂತೆ. ಈ ವರ್ಷದ ಅತ್ಯುತ್ತಮ ಸಂಚಿಕೆ ಇದೇ. ಮನೆಯಲ್ಲಿ ಬೆಳೆದದ್ದನ್ನೋ ಮಾಡಿದ್ದನ್ನೋ ತಂದು ಶಾಲೆಯ ಅಂಗಳದಲ್ಲಿ ಮಾರುವುದು, ತೂಕ, ಅಳತೆ, ಲಾಭ, ನಷ್ಟ ಕಲಿಯುವುದು ಇದರ ಉದ್ದೇಶ. ಕರಿಬೇವಿನ ಕಟ್ಟು, ನಿಂಬೆಹಣ್ಣು, ಸಿಪ್ಪೆ ಸುಲಿದ ಕಾಯಿ, ಮಸಾಲೆ ಮಜ್ಜಿಗೆ, ಕಡ್ಲೆಪುರಿ.

ಪ್ರತಿ ಅಂಗಡಿಯವರೂ ಲೆಕ್ಕದ ಜೊತೆ ಒಂದು ಪ್ಯಾರಾ ಬರೆಯಬೇಕಿತ್ತು. ಮಜ್ಜಿಗೆಯವಳು ಬರೆದಳು: ‘ಚಳಿ ಇದ್ದುದರಿಂದ ಬೆಳಿಗ್ಗೆ ಯಾರೂ ಬರಲಿಲ್ಲ. ಪಕ್ಕದ ಅಂಗಡಿಯ ಮೆಣಸಿನಕಾಯಿ ಬೋಂಡ ಖಾರವಾಗಿತ್ತು. ಅದನ್ನು ತಿಂದವರೆಲ್ಲ ನನ್ನ ಹತ್ತಿರ ಬಂದರು. ಇನ್ನೂ ಖಾರ ಹಾಕು ಎಂದು ಅವಳಿಗೆ ಹೇಳಿದೆ.’ ಕರಿಬೇವಿನ ಹುಡುಗ ಖರ್ಚಿನ ಕಾಲಮ್ಮಿನಲ್ಲಿ ಸೊನ್ನೆ ಬರೆದು, ಕೆಳಗೆ ‘ಮರ ನಮ್ಮದು, ಹತ್ತಿದ್ದು ನಾನು’ ಎಂದು ಷರಾ ಹಾಕಿದ. ಹತ್ತಿದ ಕೂಲಿಯನ್ನು ಖರ್ಚಿಗೆ ಸೇರಿಸಬೇಕೇ ಬೇಡವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಒಂದು ಬರಹ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು. ‘ಹೆಡ್‌ಮಾಸ್ಟರ್ ಸರ್ ಹತ್ತು ರೂಪಾಯಿಯ ನಿಂಬೆಹಣ್ಣಿಗೆ ಚೌಕಾಸಿ ಮಾಡಿದರು. ಒಂದು ಹೆಚ್ಚಿಗೆ ಹಾಕಿಸಿಕೊಂಡರು. ಆಮೇಲೆ ಚೀಲ ಕೇಳಿದರು.’ ಹಾಕಬೇಕೇ ಬಿಡಬೇಕೇ? ಅವರನ್ನೇ ಕೇಳಿದೆ. ಓದಿ, ಚೌಕಾಸಿ ಮಾಡಿದ್ದು ನಿಜ, ಚೀಲ ಕೇಳಿದ್ದು ಸುಳ್ಳು ಎಂದರು. ಬರಹದ ಕೆಳಗೆ ಅವರ ಸ್ಪಷ್ಟನೆಯನ್ನೂ ಅವರದೇ ಕೈಬರಹದಲ್ಲಿ ಪ್ರಕಟಿಸಿದೆವು. ಅಂದಿನಿಂದ ಹಾಳೆ ಬದಲಿಸುವ ದಿನ ಅವರೂ ಬಂದು ಗೋಡೆಯ ಮುಂದೆ ನಿಲ್ಲುತ್ತಾರೆ.

ಜನವರಿ

ಸದ್ಯದ ಸ್ಥಿತಿ: ಹಾಳೆ ಆಯುವ ಕೆಲಸವನ್ನು ಐದನೇ ತರಗತಿಯ ಸಂಪಾದಕ ಮಂಡಳಿಗೆ ಬಿಟ್ಟಿದ್ದೇನೆ. ಅವರು ನನಗಿಂತ ಕಠಿಣರು. ‘ಇದರಿಂದ ಏನೂ ಕಲಿಯಲು ಬರಲ್ಲ ಮಿಸ್’ ಎಂದು ಮುಲಾಜಿಲ್ಲದೆ ಹಿಂದಿರುಗಿಸುತ್ತಾರೆ. ಹೀಗೆ ವಾಪಸಾದ ಇಬ್ಬರು ಅತ್ತದ್ದರಿಂದ, ಹಿಂದಿರುಗಿಸುವಾಗ ಒಂದು ಪ್ರಶ್ನೆಯನ್ನಾದರೂ ಬರೆದುಕೊಡಬೇಕೆಂದು ಹೇಳಿದ್ದೇನೆ. ಕೆಳಗಿನ ದಾರಕ್ಕೆ ಸಾಕಷ್ಟು ಸರಕಿಲ್ಲ. ಪುಟ್ಟವರು ಇನ್ನೂ ಅಷ್ಟು ಬರೆಯಲಾರರು. ಅವರು ಹೇಳಿದ್ದನ್ನು ದೊಡ್ಡ ಮಕ್ಕಳು ಬರೆದುಕೊಳ್ಳುವ ಪ್ರಯತ್ನ ಈ ವಾರ ಶುರುವಾಗಿದೆ.

ಫೆಬ್ರುವರಿ ಸಂಚಿಕೆಗೆ ಹಕ್ಕಿ ಎಣಿಕೆ. ಪ್ರತಿವರ್ಷ ಆ ತಿಂಗಳ ನಾಲ್ಕು ದಿನ ಜಗತ್ತಿನಾದ್ಯಂತ ಜನ ತಮ್ಮ ಹಿತ್ತಿಲು, ತೋಟ, ಶಾಲೆಯ ಅಂಗಳದ ಹಕ್ಕಿಗಳನ್ನು ಕನಿಷ್ಠ 15 ನಿಮಿಷ ಎಣಿಸಿ ಇ-ಬರ್ಡ್ ಜಾಲತಾಣಕ್ಕೆ ಸೇರಿಸುತ್ತಾರೆ. ನಮ್ಮಲ್ಲಿ ಬೈನಾಕ್ಯುಲರ್ ಇಲ್ಲ, ಆದರೆ ತೆಂಗಿನ ತೋಟ ಹತ್ತಿರವಿದೆ. ರಾಜ್ಯಪಕ್ಷಿ ನೀಲಕಂಠ ಕರೆಂಟ್ ತಂತಿಯ ಮೇಲೆ ಕೂರುವ ಜಾಗ ಗೊತ್ತು ಎಂದು ಕೋಳಿ ಸಾಕುವ ಹುಡುಗ ಹೇಳಿದ್ದಾನೆ. ಅಲ್ಲಿಗೆ ಕರೆದುಕೊಂಡು ಹೋಗುವ ಹೊಣೆ ಅವನದು. ಎಣಿಕೆ ಪುಸ್ತಕಕ್ಕೆ ಗೆರೆ ಎಳೆಯುವವರು ಮಜ್ಜಿಗೆಯವಳು ಮತ್ತು ಬೋಂಡದವಳು. ಕ್ಲಿಪ್ಪು ಒಂದು ಡಜನ್ ತರಿಸಬೇಕು.